ಬುಧದ ದಕ್ಷಿಣ ಧ್ರುವದಲ್ಲಿ ನಾನು ಮಾಡಿದ ತಪ್ಪು

ಹೊರಡುವ ಮೊದಲು

ಅಮೇರಿಕಾಕ್ಕೆ ಹೋಗಿ ಬಂದವರೆಲ್ಲ ಅಲ್ಲಿಯ ಎತ್ತರದ ಕಟ್ಟಡಗಳ ಬಗ್ಗೆ ಹೇಳುತ್ತಾರೆ. ನಾನು ಮೂರು ವಾರ ಅಲ್ಲಿದ್ದೆ. ಮೂರು ಮಹಡಿಗಿಂತ ಎತ್ತರದ್ದು ಒಂದನ್ನೂ ನೋಡಲಿಲ್ಲ. ನನ್ನ ಹೆಚ್ಚಿನ ಹೊತ್ತು ಕಳೆದದ್ದು ಬುಧ ಗ್ರಹದ ಮೇಲೆ, ಅದೂ ಅದರ ದಕ್ಷಿಣ ಧ್ರುವದ ಬಾಜೂಕ, ಬಿಸಿಲು ಬೀಳದ ಕುಳಿಗಳ ಅಂಚಿನಲ್ಲಿ.

ಎಂಬತ್ತರ ದಶಕದ ನಡುಭಾಗ. ಆಗ ನಾನು ಧಾರವಾಡ ಜಿಲ್ಲೆಯ ಒಂದು ತಾಲೂಕಿನ ಮೋಜಣಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಮೋಜಣಿದಾರರು ಹೊಲದಲ್ಲಿ ಸರಪಳಿ ಎಳೆದು ಬರೆದು ತಂದ ಅಳತೆಯನ್ನು ನೋಡಿ, ತೆಳು ಬಟ್ಟೆಯ ಮೇಲೆ ಶಾಯಿಯಿಂದ ನಕಾಶೆ ಮೂಡಿಸುವುದು ನನ್ನ ಕೆಲಸ. ಹೊಲಕ್ಕೆ ಹೋಗುವ ಅಧಿಕಾರ ನನಗಿರಲಿಲ್ಲ. ಹನ್ನೊಂದು ವರ್ಷ ನಾನು ಬರೆದ ಹಳ್ಳ, ದಿನ್ನೆ, ಬದು ಯಾವುದನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ಹಾಗೆ ನೋಡಿದರೆ ಬುಧ ಗ್ರಹಕ್ಕೆ ನನ್ನಷ್ಟು ತಯಾರಾದವರು ಇಡೀ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಅಮೇರಿಕಾದ ಒಂದು ಕಚೇರಿಯಿಂದ ದಿಲ್ಲಿಗೆ ಒಂದು ಪತ್ರ ಬಂತು. ಗ್ರಹಗಳ ನಕಾಶೆ ತಯಾರಿಸುವ ಕಚೇರಿ ಅದು. ಗುಡ್ಡ, ತಗ್ಗುಗಳನ್ನು ಕೈಯಿಂದ ನೆರಳು ಕೊಟ್ಟು ಬರೆಯಬಲ್ಲವರನ್ನು ನಾಕಾರು ದೇಶಗಳಿಂದ ಕರೆಸಿ ತರಬೇತಿ ಕೊಡುತ್ತೇವೆ, ಮಾದರಿಗೆ ಒಂದು ಚಿತ್ರ ಕಳಿಸಿ ಅಂತ ಅದರಲ್ಲಿತ್ತು. ಪತ್ರ ದಿಲ್ಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಧಾರವಾಡಕ್ಕೆ ಇಳಿಯುತ್ತ ಇಳಿಯುತ್ತ ನಮ್ಮ ಸಾಹೇಬರ ಟೇಬಲ್ಲಿಗೆ ಬಂದು ನಿಂತಿತು. ಸಾಹೇಬರು ಕಾಲೇಜಿನಲ್ಲಿದ್ದಾಗ ಚಿತ್ರ ಬರೆಯುತ್ತಿದ್ದರಂತೆ. ಆಮೇಲೆ ಅವರ ಕೈಗೆ ಸಹಿಯೊಂದೇ ಉಳಿದಿತ್ತು.

"ಸುಜಾತಾ, ಕಲಘಟಗಿ ಕಡೆ ಕಾಡಂಚಿನ ಗುಡ್ಡದ್ದು ಒಂದು ನಕಾಶಿ ಚಲೋತ್ನ್ಯಾಗ ಬರದು ಕೊಡವಾ. ನೆರಳ ಅಗದಿ ಮೆತ್ತಗ ಬರಬೇಕು" ಅಂದರು.

ಬರೆದು ಕೊಟ್ಟೆ. ಅವರು ಕೆಳಗೆ ದೊಡ್ಡದಾಗಿ ಸಹಿ ಮಾಡಿ ಕಳಿಸಿದರು. ಟ್ರೇಸರ್ ಆದವರು ನಕಾಶೆಯ ಮೂಲೆಯಲ್ಲಿ ಎಳ್ಳಿನಷ್ಟು ಸಣ್ಣದಾಗಿ ತಮ್ಮ ಹೆಸರಿನ ಮೊದಲ ಅಕ್ಷರ ಹಾಕುವುದು ನಮ್ಮಲ್ಲಿಯ ಪದ್ಧತಿ. ಕೈ ತನ್ನಷ್ಟಕ್ಕೆ ಅದನ್ನು ಹಾಕಿತ್ತು. ಎರಡು ತಿಂಗಳ ಮೇಲೆ ಉತ್ತರ ಬಂತು: ಸಹಿ ಮಾಡಿದವರ ಬಗ್ಗೆ ನಮಗೆ ಗೌರವವಿದೆ, ಆದರೆ ಮೂಲೆಯಲ್ಲಿ ಅಕ್ಷರ ಬರೆದವರನ್ನು ದಯವಿಟ್ಟು ಕಳಿಸಿ.

ಸಾಹೇಬರು ನಾಕು ದಿವಸ ನನ್ನ ಮುಖ ನೋಡಲಿಲ್ಲ. ಐದನೆಯ ದಿವಸ ಒಂದು ಆದೇಶ ಹೊರಟಿತು: ಒಬ್ಬ ಹೆಣ್ಣುಮಗಳನ್ನು ಒಬ್ಬಳೇ ಹೊರದೇಶಕ್ಕೆ ಕಳಿಸುವುದು ಸರಿಯಲ್ಲದ ಕಾರಣ, ತಂಡದ ನಾಯಕರಾಗಿ ಸಾಹೇಬರೂ ಹೋಗತಕ್ಕದ್ದು. ನಾಯಕರು ಒಬ್ಬರು, ತಂಡ ನಾನು.

ಪಾಸ್‌ಪೋರ್ಟಿನಲ್ಲಿ ಇನ್ನೊಂದು ತೊಡಕು ಎದ್ದಿತು. ಕುಂದಗೋಳದ ಹತ್ತಿರದ ನಮ್ಮ ಹಳ್ಳಿಯಲ್ಲಿ ನಾನು ಹುಟ್ಟಿದಾಗ ಹೆಸರು ದುರಗವ್ವ. ನಾನು ಎರಡನೇ ಇಯತ್ತೆಯಲ್ಲಿದ್ದಾಗ ಅಪ್ಪ ಬೌದ್ಧನಾದ. ಮರುದಿವಸ ಸಾಲಿಗೆ ಬಂದು ಮಾಸ್ತರರಿಗೆ "ಇವತ್ತಿಂದ ಇಕಿ ಸುಜಾತಾರಿ" ಅಂತ ಹೇಳಿ ಹೋದ. ಮಾಸ್ತರರು ಹಳೆಯ ಹೆಸರನ್ನು ಹೊಡೆಯಲೂ ಇಲ್ಲ, ಹೊಸದನ್ನು ಬಿಡಲೂ ಇಲ್ಲ. ನಡುವೆ 'ಉರ್ಫ್' ಸೇರಿಸಿದರು. ಪಾಸ್‌ಪೋರ್ಟಿನಲ್ಲೂ ಹಾಗೇ ಬಂತು. ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ಮೂರು ಸಲ ಓದಿ, ಇಬ್ಬರಲ್ಲಿ ಯಾರು ಬಂದಿದ್ದೀರಿ ಅಂತ ಕೇಳಿದ. ಇಬ್ಬರೂ ಬಂದಿದ್ದೇವೆ ಅಂದೆ. ನಗಲಿಲ್ಲ. ಠಸ್ಸೆ ಮಾತ್ರ ಒಂದೇ ಹಾಕಿದ.

ಮೀರಜ, ಮುಂಬಯಿ, ಆಕಾಶ

ಹುಬ್ಬಳ್ಳಿಯಿಂದ ಸಣ್ಣ ಹಳಿಯ ರೈಲುಗಾಡಿಯಲ್ಲಿ ಮೀರಜ, ಅಲ್ಲಿ ಗಾಡಿ ಬದಲಿಸಿ ಮುಂಬಯಿ. ಅವ್ವ ಹುಬ್ಬಳ್ಳಿ ತನಕ ಕಳಿಸಲು ಬಂದಿದ್ದಳು. ಬುಧ ಅಂದರೆ ಎಷ್ಟು ದೂರ ಅಂತ ಕೇಳಿದಳು.

"ನಾ ಬುಧಕ್ಕ ಹೊಂಟಿಲ್ಲವಾ. ಬುಧದ ನಕಾಶಿ ಬರಿಯಾಕ ಅಮೇರಿಕಾಕ್ಕ ಹೊಂಟೀನಿ."

"ಹೋಗದನ ನಕಾಶಿ ಹ್ಯಾಂಗ ಬರಿತಾರ?"

"ನಮ್ಮ ಕಚೇರ್ಯಾಗ ಬರಿಯೂದಿಲ್ಲೇನು? ಹಂಗ."

ಅವ್ವ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಕಿಟಕಿಯಿಂದ ಒಳಗಿಟ್ಟಳು. ಸಾಹೇಬರಿಗೆ ಕೈ ಮುಗಿದಳು. ಅವರು ಆಗಲೇ ನಾಯಕರಾಗಿದ್ದರು, ಹೊಸ ಸೂಟು ತೊಟ್ಟು ಕೂತಿದ್ದರು. ಆ ಸೂಟನ್ನು ಅವರು ಮುಂದೆ ಎರಡು ದಿವಸ ತೆಗೆಯಲಿಲ್ಲ. ವಿಮಾನದಲ್ಲಿ ಮಲಗಿ ಎದ್ದಾಗ ಅದು ನಮ್ಮ ಕರಿ ಎರೆ ಹೊಲ ಬ್ಯಾಸಗಿಯಲ್ಲಿ ಬಿರುಕು ಬಿಟ್ಟಂತೆ ಕಾಣುತ್ತಿತ್ತು.

ಊಟ ತಂದಿಟ್ಟ ಹೆಣ್ಣುಮಗಳಿಗೆ ಸಾಹೇಬರು ತಮ್ಮ ಹುದ್ದೆ ಹೇಳಿದರು. ಆಕೆ ಮುಗುಳ್ನಕ್ಕು ಕೋಳಿ ಬೇಕೋ ಕಾಯಿಪಲ್ಲೆ ಬೇಕೋ ಅಂದಳು. ಅವರು ಹುದ್ದೆಯನ್ನು ಮತ್ತೊಮ್ಮೆ ಹೇಳಿದರು. ಆಕೆ ಕಾಯಿಪಲ್ಲೆ ಇಟ್ಟು ಮುಂದಕ್ಕೆ ಹೋದಳು. ಆಗಿನಿಂದ ಸಾಹೇಬರಿಗೆ ಆ ದೇಶದ ಬಗ್ಗೆ ಸಂಶಯ ಸುರುವಾಯಿತು.

ನಕಾಶೆಯ ಕೋಣೆ

ನಾವು ಇಳಿದದ್ದು ಒಂದು ಸಣ್ಣ ಊರು. ಸುತ್ತ ಬಯಲು, ದೂರದಲ್ಲಿ ಕೆಂಪು ಗುಡ್ಡಗಳು. ಕಚೇರಿಯ ಬಾಗಿಲ ಮುಂದೆ ಸಾಹೇಬರು ತಡೆದು ನಿಂತರು. ತಾವಾಗಿ ಬಾಗಿಲು ತೆಗೆಯುವ ರೂಢಿ ಅವರಿಗೆ ತಪ್ಪಿ ಬಹಳ ವರ್ಷಗಳಾಗಿದ್ದವು. ನಾನು ಮುಂದೆ ಹೋಗುವಷ್ಟರಲ್ಲಿ ಬಾಗಿಲು ತಾನೇ ಸರಿಯಿತು.

"ನೋಡವಾ, ಈ ದೇಶದಾಗ ಬಾಗಲಕ್ಕಾದರೂ ಮರ್ಯಾದಿ ಗೊತ್ತೈತಿ" ಅಂದರು.

ಆ ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಕಚೇರಿಯ ಮುಖ್ಯಸ್ಥ ಗಿಡ್ಡನೆಯ ಮನುಷ್ಯ, ತಾನೇ ಹೋಗಿ ನಮ್ಮಿಬ್ಬರಿಗೂ ಕಾಫಿ ತಂದ. ಅದೂ ಮೊದಲು ನನಗೆ ಕೊಟ್ಟ. ಸಾಹೇಬರು ನನ್ನ ಕಿವಿಯಲ್ಲಿ, "ಈ ಮನಿಷಾಗ ಕಾಫಿ ತರಾಕ ಒಬ್ಬ ಸಿಪಾಯಿನೂ ಇಲ್ಲೇನು?" ಅಂದರು. ಮೂರು ವಾರ ಮುಗಿಯುವ ತನಕ ಅವರಿಗೆ ಆ ಮುಖ್ಯಸ್ಥನನ್ನು ದೊಡ್ಡವನೆಂದು ನಂಬಲು ಆಗಲೇ ಇಲ್ಲ.

ನಮಗೆ ಕಲಿಸುವವಳು ಹೆಲೆನ್. ಅರವತ್ತರ ಹತ್ತಿರದ ಹೆಂಗಸು, ಉದ್ದನೆಯ ಒಣಕಲು ಕೈ, ಮೂಗಿನ ತುದಿಗೆ ಕನ್ನಡಕ. ಚಂದ್ರ, ಮಂಗಳ ಎಲ್ಲದರ ಗುಡ್ಡ ತಗ್ಗುಗಳನ್ನೂ ಆಕೆ ಬರೆದು ಮುಗಿಸಿದ್ದಳು. ಆಕೆಯ ಇಂಗ್ಲಿಷ್ ಮಾತನ್ನು ನಾನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತೇನೆ. ಆಕೆಯ ಮಾತಿನ ಒರಟಿಗೆ ಅದೇ ಸರಿ.

ಗೋಡೆಯ ತುಂಬ ಬುಧದ ಫೋಟೋಗಳು. ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಅವ್ವನ ಖಡಕ್ ರೊಟ್ಟಿ: ಎಲ್ಲ ಕಡೆ ಉಬ್ಬು, ತಗ್ಗು, ಸುಟ್ಟ ಬೊಟ್ಟು. ಎಂದೋ ಆಕಾಶದಿಂದ ಕಲ್ಲು ಬಂದು ಬಡಿದ ಕುಳಿಗಳು ಅವು. ಹತ್ತು ವರ್ಷದ ಹಿಂದೆ ಒಂದು ಯಂತ್ರನೌಕೆ ಮೂರು ಸಲ ಆ ಗ್ರಹದ ಪಕ್ಕದಿಂದ ಹಾದು ಫೋಟೋ ತೆಗೆದಿತ್ತು. ಮೂರು ಸಲವೂ ಒಂದೇ ಮಗ್ಗುಲಿಗೆ ಬಿಸಿಲಿತ್ತು. ಇನ್ನೊಂದು ಮಗ್ಗುಲನ್ನು ಭೂಮಿಯ ಮೇಲಿನ ಯಾರೂ ಇನ್ನೂ ನೋಡಿರಲಿಲ್ಲ. ಹಾಗಾಗಿ ಗೋಡೆಯ ದೊಡ್ಡ ನಕಾಶೆಯಲ್ಲಿ ಅರ್ಧಕ್ಕೂ ಹೆಚ್ಚು ಬರೀ ಬಿಳಿ.

ಸಾಹೇಬರು ಅದನ್ನು ನೋಡಿ ಗಾಬರಿಯಾದರು. "ಹಿಂಗ ಖಾಲಿ ಬಿಟ್ಟರ ಇದಕ್ಕ ಸಹಿ ಯಾರು ಮಾಡ್ತಾರ್ರಿ?"

ಹೆಲೆನ್‌ಗೆ ಪ್ರಶ್ನೆ ತಿಳಿಯಲಿಲ್ಲ. "ನೋಡಿಲ್ಲ. ಅದಕ್ಕ ಖಾಲಿ ಬಿಟ್ಟೀವಿ" ಅಂದಳು.

ಅಲ್ಲಿಯ ಕುಳಿಗಳಿಗೆ ಕವಿಗಳ, ಹಾಡುಗಾರರ, ಚಿತ್ರಕಾರರ ಹೆಸರಿಡುತ್ತಾರೆ. ನಮ್ಮ ದೇಶದವರ ಹೆಸರೂ ಕೆಲವು ಇದ್ದವು. ಸಾಹೇಬರು ಬಹಳ ಉಮೇದಿಯಿಂದ, ನಮ್ಮ ಕುಂದಗೋಳ ಕಡೆ ಹಾಡುಗಾರಿಕೆ ಎಷ್ಟು ದೊಡ್ಡದು ಅಂತ ಹೇಳಿ, ಹಾಗೇ ಮಾತು ತಿರುಗಿಸಿ, ಮೋಜಣಿ ಇಲಾಖೆಯವರ ಹೆಸರೂ ಇಡಬಹುದೇನು ಅಂತ ಕೇಳಿದರು. ಮೊದಲು ಆ ಮನುಷ್ಯ ಸತ್ತಿರಬೇಕು ಅಂದಳು ಹೆಲೆನ್. ಸಾಹೇಬರು ಮತ್ತೆ ಆ ಮಾತು ಎತ್ತಲಿಲ್ಲ.

ಕೆಲಸ ಮಾಡುವ ರೀತಿ ಹೀಗೆ: ಫೋಟೋಗಳ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಗಾಳಿಯ ಒತ್ತಡದಿಂದ ಶಾಯಿ ಸಿಂಪಡಿಸುವ ಪೆನ್ನು ಹಿಡಿದು ನೆರಳು ಕೊಡಬೇಕು. ಪೆನ್ನು ಹಿಡಿದ ಮೊದಲ ದಿವಸ ನಾನು ಬುಧಕ್ಕಿಂತ ನನ್ನ ಇಳಕಲ್ ಸೀರೆಗೇ ಹೆಚ್ಚು ನೆರಳು ಕೊಟ್ಟೆ. ಮರುದಿವಸ ಹೆಲೆನ್ ತನ್ನ ಹಳೆಯ ನಿಲುವಂಗಿ ಕೊಟ್ಟಳು. ಮೂರನೆಯ ದಿವಸಕ್ಕೆ ಕೈ ಪಳಗಿತು. ನಾಕನೆಯ ದಿವಸ ಆಕೆ ನನ್ನ ಹಿಂದೆ ಬಂದು ನಿಂತು, ಬಹಳ ಹೊತ್ತು ನೋಡಿ, ಏನೂ ಅನ್ನದೆ ಹೋದಳು. ಬಾಜೂಕಿನ ಟೇಬಲ್ಲಿನ ಹುಡುಗಿ, ಅದು ಹೆಲೆನ್‌ಳ ಶಹಬ್ಬಾಸ್‌ಗಿರಿ ಅಂತ ತಿಳಿಸಿದಳು.

ಸಾಹೇಬರು ಪೆನ್ನು ಮುಟ್ಟಲಿಲ್ಲ. ನಾಯಕರಿಗೆ ಅದು ಹೇಳಿದ್ದಲ್ಲ ಅಂತ ಕಿಟಕಿ ಪಕ್ಕ ಕುರ್ಚಿ ಹಾಕಿಸಿಕೊಂಡರು. ಹಾಕಿಸಿಕೊಂಡರು ಅಂದರೆ, ತಾವೇ ಎತ್ತಿ ತಂದು ಹಾಕಿಕೊಂಡರು.

ಹೆಲೆನ್ ಮನೆ

ಸಾಹೇಬರಿಗೆ ಹೊಟೇಲು. ನನಗೆ ಹೆಲೆನ್ ಮನೆಯಲ್ಲೇ ಒಂದು ಕೋಣೆ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಸಮುದ್ರದ ದಂಡೆಯ ಯಾವುದೋ ಊರಿನಲ್ಲಿ. ತಾಯಿ, ಮಗಳು ಎರಡು ವರ್ಷದಿಂದ ಮಾತು ಬಿಟ್ಟಿದ್ದರಂತೆ. ಯಾಕೆ ಅಂತ ಹೆಲೆನ್ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮಗಳಿಂದ ಈಚೆಗೆ ಒಂದು ಕಾಗದ ಬಂದಿತ್ತು. ಬರುವ ಶನಿವಾರ ಬಾ, ಎರಡು ದಿವಸ ನನಗೂ ಬಿಡುವಿದೆ ಅಂತ. ಹೆಲೆನ್ ವಿಮಾನದ ಟಿಕೇಟನ್ನು ಅಡಿಗೆ ಮನೆಯಲ್ಲಿ, ಸಕ್ಕರೆ ಡಬ್ಬಿಯ ಮೇಲೆ ಇಟ್ಟಿದ್ದಳು. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವಾಗಲೆಲ್ಲ ಅದನ್ನು ಎತ್ತಿ ನೋಡಿ ಮತ್ತೆ ಇಡುತ್ತಿದ್ದಳು. ಆಕೆಗೆ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವ ರೂಢಿ ಇರಲಿಲ್ಲ ಅಂತ ನನಗೆ ತಿಳಿದದ್ದು ಆಮೇಲೆ.

ಆ ಓಣಿಯವರಿಗೆ ನಾನು ಬೌದ್ಧಳು ಅಂತ ಹೇಗೋ ಗೊತ್ತಾಯಿತು. ಒಂದು ಸಂಜೆ ನಾಕು ಹೆಂಗಸರು ಬಂದು ಧ್ಯಾನ ಕಲಿಸು ಅಂತ ಕೂತರು. ನನಗೆ ಧ್ಯಾನ ಬರುವುದಿಲ್ಲ ಅಂದೆ. ಎಷ್ಟು ವಿನಯ ಅಂದರು. ನಮ್ಮಪ್ಪ ಬೌದ್ಧನಾದದ್ದು ಧ್ಯಾನಕ್ಕಲ್ಲ, ಊರ ಮಂದಿ ಬಾವಿಯ ನೀರು ಮುಟ್ಟಗೊಡದ ಸಿಟ್ಟಿಗೆ ಅಂತ ಹೇಳಲು ನನ್ನ ಇಂಗ್ಲಿಷ್ ಸಾಲಲಿಲ್ಲ. ಹೇಳಿದಷ್ಟರಲ್ಲಿ 'ಬಾವಿ' ಒಂದೇ ಅವರಿಗೆ ತಿಳಿಯಿತು. ಅದನ್ನು ಅವರು ಮನಸ್ಸಿನ ಆಳ ಅಂತ ಅರ್ಥ ಮಾಡಿಕೊಂಡು ಮೆಚ್ಚಿ ತಲೆದೂಗಿದರು. ಕಡೆಗೆ ಕಣ್ಣು ಮುಚ್ಚಿ ಕೂತೆ. ದಿನವಿಡೀ ಕುಳಿಗಳಿಗೆ ನೆರಳು ಕೊಟ್ಟು ದಣಿದಿದ್ದೆನಲ್ಲ, ನಿದ್ದೆ ಬಂತು. ಎಚ್ಚರಾದಾಗ ಒಬ್ಬಾಕೆ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ಇಷ್ಟು ಆಳಕ್ಕೆ ಇಳಿದವರನ್ನು ತಾನು ನೋಡಿಯೇ ಇರಲಿಲ್ಲವಂತೆ. ಹೆಲೆನ್ ಅಡಿಗೆ ಮನೆಯ ಬಾಗಿಲಲ್ಲಿ ನಿಂತು, ಬಾಯಿಗೆ ಟವೆಲ್ಲು ಒತ್ತಿಕೊಂಡಿದ್ದಳು.

"ಗೊರಕಿ ಹೊಡದಿ" ಅಂದಳು, ಅವರು ಹೋದ ಮೇಲೆ.

"ಎಲ್ಲಾರೂ ಕೇಳಿದ್ರೇನು?"

"ಕೇಳಿದ್ರು. ಅದೂ ಮಂತ್ರ ಅಂದ್ಕೊಂಡ್ರು."

ದಕ್ಷಿಣ ಧ್ರುವ

ಎರಡನೆಯ ವಾರ ನನಗೆ ದಕ್ಷಿಣ ಧ್ರುವದ ಹಾಳೆಗಳಲ್ಲಿ ಎರಡು ತುಂಡು ಕೊಟ್ಟರು. ಕಲಿಯಲು ಬಂದವಳಿಗೆ ಅಚ್ಚಿಗೆ ಹೋಗುವ ಹಾಳೆ ಕೊಡುವುದು ಅಲ್ಲಿ ಹಿಂದೆ ಆಗಿರಲಿಲ್ಲವಂತೆ. ಹೆಲೆನ್ ಹಟ ಹಿಡಿದು ಕೊಡಿಸಿದ್ದಳು.

ಬುಧ ಸೂರ್ಯನ ಬಗಲಲ್ಲೇ ಇರುವ ಗ್ರಹ. ನಡುಭಾಗದಲ್ಲಿ ಸೀಸ ಕರಗುವ ಬಿಸಿಲು. ಆದರೆ ಅದು ಒಂದಿಷ್ಟೂ ವಾಲದೆ ನೆಟ್ಟಗೆ ನಿಂತು ತಿರುಗುತ್ತದೆ. ಅದಕ್ಕೇ ಧ್ರುವದಲ್ಲಿ ಸೂರ್ಯ ನೆತ್ತಿಗೆ ಏರುವುದೇ ಇಲ್ಲ. ಬದುವಿನ ಮೇಲೆ ನಡೆದಂತೆ ಅಂಚಿನಲ್ಲೇ ಸುತ್ತುತ್ತಾನೆ. ಅಲ್ಲಿಯ ಆಳದ ಕುಳಿಗಳ ತಳಕ್ಕೆ ಎಂದೂ ಬಿಸಿಲು ಬೀಳುವುದಿಲ್ಲ. ನಮ್ಮ ಕಡೆ ನೆಲದೊಳಗೆ ಜೋಳ ತುಂಬಿಡುವ ಹಗೇವು ಇರುತ್ತದಲ್ಲ, ಅದರ ತಳದಂಥ ಕತ್ತಲು. ಫೋಟೋದಲ್ಲಿ ಕುಳಿಯ ಒಂದು ಅಂಚು ಬೆಳ್ಳಗೆ ಹೊಳೆಯುತ್ತದೆ, ಉಳಿದದ್ದು ಬರೀ ಕಪ್ಪು.

ಎರಡನೆಯ ತುಂಡು ಮುಗಿಸುವಾಗ ಹೆಲೆನ್ ಬಂದು ಒಂದು ಕುಳಿಯ ಮೇಲೆ ಬೆರಳಿಟ್ಟಳು. ಶುಕ್ರವಾರ, ಊಟಕ್ಕೆ ಏಳುವ ಹೊತ್ತು.

"ಈ ದಂಡಿ ಎಲ್ಲೆ ನೋಡಿದಿ?"

ಫೋಟೋದಲ್ಲಿ ಆ ಕುಳಿಯ ಅರ್ಧ ದಂಡೆ ಮಾತ್ರ ಇತ್ತು. ಉಳಿದರ್ಧ ಕತ್ತಲಲ್ಲಿ ಮುಳುಗಿತ್ತು. ನಾನು ಪೂರಾ ದುಂಡಗೆ ಮಾಡಿದ್ದೆ.

"ನೋಡಿಲ್ರಿ. ದುಂಡಗ ಇರಬೇಕಲ್ಲ, ಮುಟ್ಟಿಸಿದೆ."

'ಮುಟ್ಟಿಸುವುದು' ನಮ್ಮ ಕಚೇರಿಯ ಮಾತು. ಅಳತೆಯ ಹಾಳೆ ಹರಿದಿದ್ದರೆ, ಇಲಿ ಕಡಿದಿದ್ದರೆ, ಅಥವಾ ಮೋಜಣಿದಾರರು ಬಿಸಿಲಿಗೆ ಬೇಸತ್ತು ಆ ಮೂಲೆಗೆ ಹೋಗದೇ ಬಂದಿದ್ದರೆ, ಗೆರೆ ಅಲ್ಲಿಗೇ ನಿಲ್ಲುತ್ತದೆ. ನಿಂತ ಗೆರೆಗೆ ಸಾಹೇಬರು ಸಹಿ ಮಾಡುವುದಿಲ್ಲ. ಆಗ ಟ್ರೇಸರ್ ಆದವಳು ಈ ಕಡೆಯ ಗೆರೆಯನ್ನು ಆ ಕಡೆಯ ಗೆರೆಗೆ ಚಂದಗೆ ಮುಟ್ಟಿಸಬೇಕು. ನನ್ನಷ್ಟು ಚಂದ ಮುಟ್ಟಿಸುವವರು ಇಲ್ಲ ಅಂತ ಕಚೇರಿಯಲ್ಲಿ ನನಗೆ ಹೆಸರಿತ್ತು.

"ಇರಬೇಕು ಅನ್ನೂದು ಬ್ಯಾರೆ, ಐತಿ ಅನ್ನೂದು ಬ್ಯಾರೆ" ಅಂದಳು ಹೆಲೆನ್. ಸಿಟ್ಟಾಗಲಿಲ್ಲ. ಒಂದು ಬ್ಲೇಡು ಕೊಟ್ಟು, ಆ ದಂಡೆಯನ್ನು ಹೆರೆದು ತೆಗಿ ಅಂತ ಹೇಳಿ ಊಟಕ್ಕೆ ಹೋದಳು.

ಹೆರೆಯುತ್ತ ಕೂತವಳು ಬ್ಲೇಡು ಕೆಳಗಿಟ್ಟೆ. ಮೊದಲನೆಯ ತುಂಡು. ಅದರಲ್ಲಿ ಒಂದು ದೊಡ್ಡ ಕುಳಿ ಇತ್ತು, ತಳವೆಲ್ಲ ಕಪ್ಪು. ದೊಡ್ಡ ಕುಳಿಗಳ ನಡುವೆ ಒಂದು ಗುಡ್ಡ ಎದ್ದಿರುತ್ತದೆ ಅಂತ ಹೆಲೆನ್ನೇ ಕಲಿಸಿದ್ದಳು. ಬೇರೆ ಕುಳಿಗಳಲ್ಲಿ ಕಂಡೂ ಇದ್ದೆ. ಇದರಲ್ಲಿ ಏನೂ ಕಾಣದ ಕತ್ತಲಲ್ಲಿ ನಾನೇ ಒಂದು ಗುಡ್ಡ ಎಬ್ಬಿಸಿದ್ದೆ. ಸಣ್ಣದು, ಅಗದಿ ಮೆತ್ತಗಿನ ನೆರಳು. ಹೆಲೆನ್ ಕಣ್ಣಿಗೂ ಅದು ಬಿದ್ದಿರಲಿಲ್ಲ, ಅಷ್ಟು ಖರೇ ಕಂಡಿತ್ತು. ಆ ಹಾಳೆ ಮಂಗಳವಾರವೇ, ಅಚ್ಚಿಗೆ ಮೊದಲು ಹಾಳೆಗಳ ಫೋಟೋ ತೆಗೆಯುವ ಕ್ಯಾಮರಾ ಕೋಣೆಗೆ ಹೋಗಿತ್ತು. ಸೋಮವಾರ ಅಚ್ಚು.

ಕಿಟಕಿ ಬಾಜೂಕ

ಮೊದಲು ಸಾಹೇಬರಿಗೆ ಹೇಳಿದೆ. ನಾಯಕರಲ್ಲವೇ. ಅವರು ಕಿಟಕಿಯ ಪಕ್ಕ ಕೂತು ಊರಿನಿಂದ ತಂದ ಅಡಿಕೆ ಕತ್ತರಿಸುತ್ತಿದ್ದರು.

"ಯಾರರ ನೋಡ್ಯಾರೇನು?" ಅಂದರು.

"ಇಲ್ಲ್ರಿ."

"ಯಾರರ ನೋಡ್ತಾರೇನು?"

"ಈಗಂತೂ ಇಲ್ಲ್ರಿ. ಮುಂದ ಎಂದರ ಇನ್ನೊಂದು ನೌಕೆ ಹೋದ್ರ..."

"ಅಷ್ಟೊತ್ತಿಗೆ ನಿಂದೂ ರಿಟೈರ್ ಆಗಿರತೈತಿ, ನಂದೂ ಆಗಿರತೈತಿ. ಬಾಯಿ ಮುಚ್ಚಕೊಂಡಿರು. ಬುಧದ ಮ್ಯಾಲೆ ಯಾರರ ತಕರಾರ ಅರ್ಜಿ ಕೊಡ್ತಾರೇನು? ಅಲ್ಲೆ ಅಣ್ಣಾ ತಮ್ಮಾ ಅದಾರೇನು, ಪಾಲು ಐತೇನು? ಇಂಥಾ ಸುಖದ ಜಾಗಾದಾಗ ನೀ ಯಾಕ ತಂಟೆ ಎಬ್ಬಸ್ತಿ?"

ಅವರ ಮಾತಿನಲ್ಲಿ ಹುರುಳಿತ್ತು, ಅದೇ ಕಷ್ಟ. ಹೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಮೊದಲ ಸಲ ಹೊರಗಿನವಳಿಗೆ ಹಾಳೆ ಕೊಡಿಸಿದ ಹೆಲೆನ್‌ಳ ತಲೆ ತಗ್ಗುತ್ತದೆ. ಹಾಳೆ ತಿದ್ದಬೇಕಾದರೆ ಅದಕ್ಕೆ ಅವಳೇ ಕೂರಬೇಕು, ಅದೂ ಸೋಮವಾರದ ಒಳಗೆ. ಸಕ್ಕರೆ ಡಬ್ಬಿಯ ಮೇಲಿನ ಟಿಕೇಟು ಶನಿವಾರದ್ದು.

ನಾನು ಆ ಕಚೇರಿಯ ಊಟದ ಉಪ್ಪಿಲ್ಲದ ಆಲೂಗಡ್ಡಿಯ ಮುಂದೆ ಕೂತು ಎರಡು ಸಲ ಎದ್ದೆ, ಎರಡು ಸಲ ಕೂತೆ. ಇಲ್ಲದ ಗುಡ್ಡ ಒಂದು ಇದ್ದರೆ ಯಾರಿಗೆ ನಷ್ಟ ಅಂತ ನನಗೆ ನಾನೇ ಕೇಳಿದೆ. ಯಾರಿಗೂ ಇಲ್ಲ. ಆದರೂ ಆಲೂಗಡ್ಡಿಯ ತಟ್ಟೆಯನ್ನು ದೂರ ಸರಿಸಿದೆ. ಒಳ್ಳೆಯತನದಿಂದ ಹೇಳಿದೆ ಅಂತ ಅನ್ನಲಾರೆ. ಹೆಲೆನ್ ಆ ಮೊದಲನೆಯ ಹಾಳೆಯನ್ನೂ ನೋಡಿ ಸುಮ್ಮನೆ ಹೋದದ್ದು ನೆನಪಾಯಿತು. ನನ್ನ ಕೈಯನ್ನು ಆಕೆ ಅಷ್ಟು ನಂಬಿದ್ದಳು. ಅದಕ್ಕೇ ಎದ್ದೆ.

ಆಕೆ ತನ್ನ ಟೇಬಲ್ಲು ಒರೆಸುತ್ತಿದ್ದಳು. ಇದ್ದದ್ದು ಇದ್ದ ಹಾಗೆ ಹೇಳಿದೆ. ಆಕೆಯ ಕೈ ನಿಂತಿತು. ಕನ್ನಡಕ ತೆಗೆದಳು, ಹಾಕಿಕೊಂಡಳು.

"ಯಾವ ಕುಳಿ?"

ಫೋಟೋದಲ್ಲಿ ತೋರಿಸಿದೆ. ಆಕೆ ಕ್ಯಾಮರಾ ಕೋಣೆಗೆ ನಡೆದಳು. ಮುಖ್ಯಸ್ಥ ಬಂದ, ಇನ್ನಿಬ್ಬರು ಬಂದರು. ಹಾಳೆಯನ್ನು ದೀಪದ ಮೇಜಿನ ಮೇಲೆ ಹರಡಿ ಎಲ್ಲರೂ ಬಗ್ಗಿ ನೋಡಿದರು. ನನ್ನ ಗುಡ್ಡ ಅಲ್ಲಿ ಕೂತಿತ್ತು, ಯಾವ ನಾಚಿಕೆಯೂ ಇಲ್ಲದೆ. ಮುಖ್ಯಸ್ಥ "ಎಷ್ಟು ಚಂದ ಐತಿ" ಅಂದ. ಖರೇ ಬೇಜಾರಿನಿಂದ ಅಂದ.

ಹೆಲೆನ್ ಮಗಳಿಗೆ ಫೋನು ಮಾಡಿದಳು. ನಾನು ಬಾಗಿಲ ಹೊರಗೆ ನಿಂತಿದ್ದೆ. ಬರಲಿಕ್ಕೆ ಆಗೂದಿಲ್ಲ ಅಂದದ್ದು ಕೇಳಿತು, ಇಲ್ಲ, ಕೆಲಸ ಅಂದದ್ದು ಕೇಳಿತು, ಆಮೇಲೆ ಫೋನು ಇಟ್ಟ ಸದ್ದು ಕೇಳಿತು.

ಶನಿವಾರ, ಭಾನುವಾರ

ಆ ಎರಡು ದಿವಸ ಖಾಲಿ ಕಚೇರಿಯಲ್ಲಿ ನಾವಿಬ್ಬರೇ. ಸಾಹೇಬರು ಹೊಟೇಲಿನವರ ಬಸ್ಸು ಹತ್ತಿ ಯಾವುದೋ ದೊಡ್ಡ ಕಣಿವೆ ನೋಡಲು ಹೋದರು. ಹೋಗುವ ಮುಂಚೆ ನನ್ನ ಹತ್ತಿರ ಬಂದು, "ನಾ ಹೇಳಿದ್ನಿಲ್ಲೋ?" ಅಂದು, ಉತ್ತರಕ್ಕೆ ಕಾಯದೆ ಹೋದರು.

ಶನಿವಾರ ಪೂರ್ತಿ ಹೆಲೆನ್ ಮಾತಾಡಲಿಲ್ಲ. ಬ್ಲೇಡು, ರಬ್ಬರು, ಪೆನ್ನು, ಬೇಕಾದ್ದಕ್ಕೆ ಕೈ ಚಾಚುವಳು, ನಾನು ಕೊಡುವೆ. ಗುಡ್ಡ ತೆಗೆಯುವುದು ಎಬ್ಬಿಸಿದಷ್ಟು ಸುಲಭವಿರಲಿಲ್ಲ. ಅದರ ಸುತ್ತಲಿನ ನೆರಳೂ ಕೆಟ್ಟು, ಅದನ್ನೂ ತೆಗೆದು, ಕಡೆಗೆ ಅಂಗೈ ಅಗಲ ಜಾಗ ಹೊಸದಾಗಿ ಬರೆಯಬೇಕಾಯಿತು. ಮಧ್ಯಾಹ್ನ ನಾನು ಖಡಕ್ ರೊಟ್ಟಿ, ಚಟ್ನಿ ಮುಂದಿಟ್ಟೆ. ತಿರುಗಿ ನೋಡಲಿಲ್ಲ.

ಭಾನುವಾರ ಬೆಳಿಗ್ಗೆ ಬಂದವಳೇ ಅಂದಳು: "ನನಗ ನಿನ್ನ ಮ್ಯಾಲೆ ಸಿಟ್ಟು ಐತಿ. ನೀ ಹೇಳದಿದ್ರ ಇನ್ನೂ ಹೆಚ್ಚು ಸಿಟ್ಟು ಬರತಿತ್ತು. ಆದರ ಹೇಳದಿದ್ರ ನನಗ ಗೊತ್ತ ಆಗತಿದ್ದಿಲ್ಲ, ಮಗಳ ಮನ್ಯಾಗ ಇರತಿದ್ದೆ. ಇದನ್ನ ಹ್ಯಾಂಗ ಲೆಕ್ಕಾ ಹಾಕೂದು ನನಗ ತಿಳೀವಲ್ದು."

"ನನಗೂ ತಿಳೀವಲ್ದು" ಅಂದೆ.

ಅಷ್ಟು ಮಾತಾಡಿದ ಮೇಲೆ ಆಕೆ ನಿನ್ನೆಯ ರೊಟ್ಟಿ ಮುರಿದು ಬಾಯಿಗಿಟ್ಟಳು. ಮೂರು ನಿಮಿಷ ಅಗಿದಳು. "ಇದಕ್ಕ ಹಲ್ಲು ಬೇಕು" ಅಂದಳು. ಆಮೇಲೆ ಪೆನ್ನು ನನ್ನ ಕೈಗೆ ಕೊಟ್ಟು, "ಕಡೀ ಕುಳಿ ನೀನ ಮಾಡು" ಅಂದಳು. ಕಂಡ ದಂಡೆಯನ್ನು ಬರೆದೆ. ಕಾಣದ ಕಡೆ ಪೆನ್ನು ಎತ್ತಿದೆ. ಗೆರೆ ಅರ್ಧಕ್ಕೆ ನಿಂತಿತು. ಹನ್ನೊಂದು ವರ್ಷದಲ್ಲಿ ನಾನು ನಿಲ್ಲಿಸಿದ ಮೊದಲನೆಯ ಗೆರೆ ಅದು.

ಸಂಜೆ ಮನೆಗೆ ಬಂದಾಗ ಫೋನು ಬಡಿಯಿತು. ಮಗಳು. ಹೆಲೆನ್ ಬಹಳ ಹೊತ್ತು ಮಾತಾಡಿದಳು. ಒಂದು ಸಲ ನಕ್ಕಳು, ಒಂದು ಸಲ ಜೋರು ಮಾಡಿದಳು. ಏನಂದಳು ಅಂತ ನಾನು ಕೇಳಲಿಲ್ಲ. ಮೂರನೆಯ ವಾರ ನಾನು ಹೊರಡುವ ತನಕ ಮಗಳ ಊರಿಗೆ ಹೊಸ ಟಿಕೇಟು ಬಂದದ್ದನ್ನು ನಾನಂತೂ ಕಾಣಲಿಲ್ಲ.

ಮತ್ತೆ ಕಚೇರಿಗೆ

ತಿರುಗಿ ಬಂದು ಹದಿನೈದು ದಿವಸಕ್ಕೆ ಸಾಹೇಬರು ಪ್ರವಾಸದ ವರದಿ ಬರೆದರು. ಟೈಪು ಮಾಡಿದ ಪ್ರತಿ ನನ್ನ ಕೈಗೂ ಬಂತು. ಅದರಲ್ಲಿ ಹೀಗಿತ್ತು: ಆ ದೇಶದ ಕಚೇರಿ ಬುಧ ಗ್ರಹದ ದಕ್ಷಿಣ ಧ್ರುವದಲ್ಲಿ ಒಂದು ಸುಳ್ಳು ಗುಡ್ಡವನ್ನು ತೋರಿಸಿದ್ದು ನಮ್ಮ ತಂಡದ ಲಕ್ಷ್ಯಕ್ಕೆ ಬಂದು, ನಾಯಕರ ಸಲಹೆಯ ಮೇರೆಗೆ ಅದನ್ನು ಸಕಾಲದಲ್ಲಿ ತೆಗೆದುಹಾಕಲಾಯಿತು. ಧಾರವಾಡದಲ್ಲಿ ಅವರಿಗೆ ಸತ್ಕಾರವಾಯಿತು. ಹಾರ ಹಾಕಿಸಿಕೊಂಡು ಬುಧದ ಹವಾಮಾನದ ಬಗ್ಗೆ ಒಂದು ತಾಸು ಮಾತಾಡಿದರು. ಕೇಳಿದವರಿಗೆ ಅವರು ಅಲ್ಲಿಗೇ ಹೋಗಿ ಬಂದಂತೆ ಅನಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಟೇಬಲ್ಲಿಗೆ ಒಂದು ಹಳ್ಳಿಯ ನಕಾಶೆ ಬಂತು. ಊರೊಳಗಿನ ಮನೆಗಳ ಅಳತೆ. ಇದರ ಮೇಲೆ ಮುಂದೆ ಮನೆಗಳ ಹಕ್ಕುಪತ್ರ ಕೊಡುವವರಿದ್ದರು. ಅಳತೆಯ ಪುಸ್ತಕ ಊರ ತೆಂಕಣ ಅಂಚಿಗೆ ಬಂದು ಸುಮ್ಮನೆ ನಿಂತಿತ್ತು. ಹಳ್ಳದ ದಂಡೆಯಿಂದ ಆಚೆ ಒಂದು ಅಂಕಿಯೂ ಇರಲಿಲ್ಲ.

ಮೋಜಣಿದಾರರನ್ನು ಕೇಳಿದೆ. "ಅಲ್ಲೇನೈತ್ರಿ, ಜಾಲಿ ಕಂಟಿ. ಹಳ್ಳದ ಗೆರಿ ಎಳದು ಮುಟ್ಟಸ್ರಿ" ಅಂದರು.

ನಾನು ಮುಟ್ಟಿಸಲಿಲ್ಲ. ಗೆರೆಯನ್ನು ಅಲ್ಲಿಗೇ ನಿಲ್ಲಿಸಿ, ಖಾಲಿ ಜಾಗದಲ್ಲಿ ಶಾಯಿಯಿಂದ 'ನೋಡಿಲ್ಲ' ಅಂತ ಬರೆದೆ. ಸಾಹೇಬರು ನಕಾಶೆ ಹಿಂದಕ್ಕೆ ಕಳಿಸಿದರು. ಅದೇ ಬರಹದೊಂದಿಗೆ ಮತ್ತೆ ಕೊಟ್ಟೆ. ಮೂರನೆಯ ಸಲಕ್ಕೆ ನನ್ನನ್ನು ಕರೆಸಿದರು.

"ಇದಕ್ಕ ನಾ ಸಹಿ ಮಾಡೂದಿಲ್ಲ."

"ಬ್ಯಾಡ್ರಿ."

"ನಿನಗ ಅಮೇರಿಕಾ ತಲಿಗೇರೇತಿ."

"ಹೌದ್ರಿ. ಅಲ್ಲೆ ಸುಳ್ಳ ಗುಡ್ಡ ತಗಿಸಿದವರು ನೀವ ಅಂತ ವರದಿಯೊಳಗ ಐತಿ. ಇಲ್ಲಿ ಸುಳ್ಳ ಗೆರಿ ಎಳಸಿದವರೂ ನೀವ ಅಂತಾದ್ರ ಚಂದ ಕಾಣೂದಿಲ್ಲ್ರಿ."

ಅವರು ನಕಾಶೆಯನ್ನು ತಮ್ಮ ಕಡೆ ಎಳೆದುಕೊಂಡರು. ಕಡೆಗೆ ಮೋಜಣಿದಾರರಿಗೆ ಮತ್ತೆ ಹೋಗಿ ಅಳೆದು ತರಲು ಆದೇಶ ಬರೆದರು. ಅಳತೆ ಬರೆದುಕೊಳ್ಳಲು ನನ್ನನ್ನೂ ಕಳಿಸಿದರು. ಶಿಕ್ಷೆ ಅಂತಲೇ ಕಳಿಸಿದ್ದು.

ಹಳ್ಳ ದಾಟಿ ಜಾಲಿ ಕಂಟಿಯ ಸಂದಿಯಲ್ಲಿ ನುಗ್ಗಿದರೆ ಹದಿನಾರು ಮನೆಗಳು. ಮಣ್ಣಿನ ಗೋಡೆ, ಕೆಲವಕ್ಕೆ ತಗಡು, ಕೆಲವಕ್ಕೆ ಹುಲ್ಲು. ಒಂದು ಸಣ್ಣ ಬೌದ್ಧ ವಿಹಾರ, ಅದರ ಗೋಡೆಗೆ ನೀಲಿ ಬಣ್ಣ. ನಮ್ಮ ಕೇರಿಯಂಥದೇ ಕೇರಿ. ಮೋಜಣಿದಾರರು ತಲೆ ಕೆರೆದುಕೊಂಡರು.

ಸರಪಳಿ ಎಳೆಯುತ್ತ ಮನೆಯಿಂದ ಮನೆಗೆ ಬಂದೆವು. ಕಡೆಯ ಮನೆಯ ಮುಂದೆ ಒಬ್ಬ ಮುದುಕಿ ಕೂತಿದ್ದಳು. ನಾವು ಗೋಡೆಯ ಮೂಲೆಯಿಂದ ಮೂಲೆಗೆ ಅಳೆದು ತಿರುಗುವಾಗ ಕೈ ಅಡ್ಡ ಹಿಡಿದಳು.

"ಏನ್ ಬರಕೊಳ್ಳಾಕತ್ತಿ, ಯವ್ವಾ?"

"ಮನಿ ಅಳತಿ, ಆಯಿ. ನಕಾಶ್ಯಾಗ ಹಾಕಾಕ."

"ಈ ಕಟ್ಟಿ ಹಿಡದಿ ಏನು?" ಬಾಗಿಲ ಮುಂದಿನ, ತಾನು ಕೂತ ಕಟ್ಟೆಯನ್ನು ಅಂಗೈಯಿಂದ ಬಡಿದಳು. "ನಾನ ಕಟ್ಟೀನಿ, ಕಲ್ಲು ಹೊತ್ತು ತಂದು. ಅದನ್ನ ಬಿಡಬ್ಯಾಡ."

ನಕಾಶೆಯಲ್ಲಿ ಕಟ್ಟೆ ತೋರಿಸುವ ನಿಯಮವಿಲ್ಲ. ಮೋಜಣಿದಾರರು ಅದನ್ನೇ ಹೇಳಲು ಬಾಯಿ ತೆರೆದರು. ನಾನು ಸರಪಳಿಯ ತುದಿಯನ್ನು ಅವರ ಕೈಯಿಂದ ಇಸಿದುಕೊಂಡೆ.

"ಒಂದೀಟು ಏಳು ಆಯಿ" ಅಂದೆ. "ನೀ ಕುಂತಲ್ಲೆ ಒಂದು ಮೂಲಿ ಐತಿ."